‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರ?

ನಾನು ಬೆಡ್‌ಫರ್ಡ್ ಪಾರ್ಕಿನಲ್ಲಿ ಇರುತ್ತೇನೆ, ಈಗ ಹನ್ನೊಂದನೇ ತರಗತಿ. ಭಾನುವಾರ ನಮ್ಮ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳ ತರಗತಿಗೆ ಸಹಾಯ ಮಾಡುತ್ತೇನೆ. ಈ ತಿಂಗಳು ಇತಿಹಾಸದ ಬಗ್ಗೆ ಒಂದು ಲೇಖನ ಕೊಡು ಎಂದು ಟೀಚರ್ ಹೇಳಿದಾಗ ಯಾವುದಾದರೂ ರಾಜನ ಬಗ್ಗೆ ಬರೆಯೋಣ ಎಂದುಕೊಂಡಿದ್ದೆ. ಆದರೆ ಅಜ್ಜಿ ಕೇಳಿದ ಒಂದು ಪ್ರಶ್ನೆಯಿಂದ ವಿಷಯವೇ ಬದಲಾಯಿತು.

ನಮ್ಮ ಹೈಸ್ಕೂಲಿನಲ್ಲಿ ತುಂಬಾ ಜನ ವರ್ಡಲ್ ಆಡುತ್ತಾರೆ. ಫ್ಲಿಂಡರ್ಸ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಎದುರಿಗೆ ಕೂತವರ ಫೋನಿನಲ್ಲೂ ಅದೇ ಹಸಿರು, ಹಳದಿ ಚೌಕಗಳು. 5 ಅಕ್ಷರದ ಒಂದು ಇಂಗ್ಲಿಷ್ ಪದವನ್ನು 6 ಪ್ರಯತ್ನಗಳಲ್ಲಿ ಊಹಿಸಬೇಕು. ಅಕ್ಷರವೂ ಸರಿ, ಜಾಗವೂ ಸರಿ ಎಂದರೆ ಹಸಿರು. ಅಕ್ಷರ ಇದೆ, ಆದರೆ ಜಾಗ ಬೇರೆ ಎಂದರೆ ಹಳದಿ. ಕೊನೆಗೆ ಎಲ್ಲರ ತಲೆಯಲ್ಲಿ ಓಡುವುದು ಒಂದೇ ಪ್ರಶ್ನೆ: 5 ಅಕ್ಷರ, ನಡುವೆ ಎ, ಕೊನೆಗೆ ಇ, ಎಲ್ಲೋ ಒಂದು ಆರ್, ಯಾವುದಪ್ಪಾ ಆ ಪದ?

ಶಿವಮೊಗ್ಗದಲ್ಲಿರುವ ನಮ್ಮ ಅಜ್ಜಿ ಪ್ರತಿದಿನ ಪೇಪರಿನ ಪದಬಂಧ ಬಿಡಿಸುತ್ತಾರೆ. ಒಂದು ಸಂಜೆ ವಿಡಿಯೋ ಕಾಲ್‌ನಲ್ಲಿ ನನ್ನ ಆಟ ತೋರಿಸಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, “ಇದನ್ನ ಕನ್ನಡದಲ್ಲಿ ಆಡೋಕಾಗತ್ತೇನೋ?” ಎಂದರು. ಆಗತ್ತೆ ಎಂದೆ. “ಹಾಗಾದ್ರೆ ‘ಕನ್ನಡ’ ಅನ್ನೋ ಪದಕ್ಕೆ ಎಷ್ಟು ಮನೆ ಹಾಕ್ತೀಯ?”

ಫೋನಿನಲ್ಲಿ ನಾನು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವುದು. ಕೆ, ಎ, ಎನ್, ಎನ್, ಎ, ಡಿ, ಎ ಎಂದು ಬೆರಳು ಮಡಿಸಿ, “ಏಳು” ಎಂದೆ.

“ಏಳಾ? ಸರಿಯಾಗಿ ಎಣಿಸು ಮಗಾ. ಕ, ನ್ನ, ಡ. ಮೂರೇ ತಾನೇ?”

ಪಕ್ಕದಲ್ಲಿದ್ದ ನನ್ನ ತಂಗಿ ನಕ್ಕಳು. ನನಗೆ ನಾಚಿಕೆಯಾಯಿತು. ಆದರೆ ಆಮೇಲೆ ಯೋಚಿಸಿದೆ. 7 ಎಂಬ ಉತ್ತರ ನನ್ನ ಬಾಯಲ್ಲಿ ಯಾಕೆ ಬಂತು? ಪದಗಳನ್ನು ಹೀಗೆ ಬಿಡಿ ಅಕ್ಷರವಾಗಿ ಎಣಿಸುವ ಅಭ್ಯಾಸ ಎಲ್ಲಿಂದ ಶುರುವಾಯಿತು? ಹುಡುಕುತ್ತಾ ಹೋದರೆ ಒಂದು ದಾರಿ ನಮ್ಮ ಅಡಿಲೇಡಿಗೇ ಬಂತು.

ಅಕ್ಷರ ಎಣಿಸಿದರೆ ದುಡ್ಡು ಉಳಿಯುತ್ತದೆ

1872ಕ್ಕೆ ಮೊದಲು ಅಡಿಲೇಡಿನಿಂದ ಲಂಡನ್ನಿಗೆ ಸುದ್ದಿ ಹೋಗಬೇಕಾದರೆ ಹಡಗಿನಲ್ಲಿ ವಾರಗಟ್ಟಲೆ ಕಾಯಬೇಕಿತ್ತು. ಆಗ ಚಾರ್ಲ್ಸ್ ಟಾಡ್ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ ಅಡಿಲೇಡಿನಿಂದ ಉತ್ತರದ ಡಾರ್ವಿನ್‌ವರೆಗೆ, ಮರುಭೂಮಿಯ ನಡುವೆ ಸುಮಾರು 3,200 ಕಿಲೋಮೀಟರ್ ಉದ್ದದ ತಂತಿ ಎಳೆದರು. 1872ರ ಆಗಸ್ಟಿನಲ್ಲಿ ಎರಡೂ ಕಡೆಯ ತಂತಿಗಳು ಕೂಡಿಕೊಂಡವು. ಡಾರ್ವಿನ್ನಿನಿಂದ ಸಮುದ್ರದ ಕೆಳಗಿನ ತಂತಿ ಜಾವಾಕ್ಕೆ, ಅಲ್ಲಿಂದ ಸಿಂಗಪುರ, ಮದ್ರಾಸು, ಮುಂಬಯಿ ದಾಟಿ ಲಂಡನ್ನಿಗೆ. ಅಂದರೆ ಅಡಿಲೇಡಿನ ಸುದ್ದಿ ಲಂಡನ್ನಿಗೆ ಹೋಗುವಾಗ ನಮ್ಮ ಇಂಡಿಯಾದ ಮೇಲೇ ಹಾದುಹೋಗುತ್ತಿತ್ತು.

ಆದರೆ ಖರ್ಚು ವಿಪರೀತ. ಶುರುವಿನಲ್ಲಿ 20 ಪದಗಳ ಸಂದೇಶಕ್ಕೆ 9 ಪೌಂಡಿಗಿಂತ ಹೆಚ್ಚು ಕೊಡಬೇಕಿತ್ತು. ದುಡ್ಡನ್ನು ಪದಗಳ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಿದ್ದುದರಿಂದ ವ್ಯಾಪಾರಿಗಳು ಒಂದು ಉಪಾಯ ಮಾಡಿದರು. ‘ನಿಮ್ಮ ಪತ್ರ ತಲುಪಿದೆ, ಸರಕು ಕಳಿಸಿ’ ಎನ್ನುವಂಥ ಇಡೀ ವಾಕ್ಯಕ್ಕೆ ಒಂದೇ ಸಂಕೇತ ಪದ ಇಟ್ಟುಕೊಂಡರು. ಆ ಪದಗಳ ದೊಡ್ಡ ದೊಡ್ಡ ಪುಸ್ತಕಗಳು ಅಚ್ಚಾದವು. ಕಳಿಸುವವರ ಹತ್ತಿರ ಒಂದು, ತೆಗೆದುಕೊಳ್ಳುವವರ ಹತ್ತಿರ ಒಂದು.

ತಂತಿ ಇಲಾಖೆಗಳು ಸುಮ್ಮನಿರುತ್ತವೆಯೇ? ಸಂಕೇತ ಪದದಲ್ಲಿ 10 ಅಕ್ಷರಕ್ಕಿಂತ ಹೆಚ್ಚು ಇರಬಾರದು ಎಂಬ ಅಂತರರಾಷ್ಟ್ರೀಯ ನಿಯಮ ಬಂತು. 20ನೇ ಶತಮಾನದ ಆರಂಭದಲ್ಲಿ, ಬಾಯಲ್ಲಿ ಉಚ್ಚರಿಸಲು ಬಂದರೆ ಸಾಕು, ಅರ್ಥವಿಲ್ಲದ ಕಟ್ಟುಪದವೂ ಆಗಬಹುದು ಎಂದು ಒಪ್ಪಿಕೊಂಡರು. ಇದನ್ನು ಉಪಯೋಗಿಸಿಕೊಂಡು 1906ರಲ್ಲಿ ಬೆಂಟ್ಲಿ ಎಂಬವರು ಒಂದು ಸಂಕೇತ ಪುಸ್ತಕ ಹೊರತಂದರು. ಅದರಲ್ಲಿನ ಸಂಕೇತ ಪದಗಳಿಗೆಲ್ಲ ಸರಿಯಾಗಿ 5 ಅಕ್ಷರ. ಯಾಕೆಂದರೆ ಎರಡು ಪದ ಜೋಡಿಸಿದರೆ 10 ಅಕ್ಷರ. ಒಂದು ಪದದ ದುಡ್ಡಿಗೆ ಎರಡು ವಾಕ್ಯ!

ಇವತ್ತು ನಾವು ಫೋನಿನಲ್ಲಿ ಆಟವಾಗಿ ಹುಡುಕುವ 5 ಅಕ್ಷರದ ಪದಗಳನ್ನು ನೂರು ವರ್ಷದ ಹಿಂದೆ ಜನ ದುಡ್ಡು ಉಳಿಸಲು ಕಟ್ಟುತ್ತಿದ್ದರು ಎಂದು ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು.

ಇ ಅಗ್ಗ, ಝಡ್ ದುಬಾರಿ

ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂಬ ಲೆಕ್ಕವೂ ತಂತಿಯ ಕಾಲದ್ದೇ. ಸ್ಯಾಮ್ಯುಯೆಲ್ ಮೋರ್ಸ್ ಅವರ ಜೊತೆಗಾರ ಆಲ್ಫ್ರೆಡ್ ವೇಲ್ ಒಂದು ಪತ್ರಿಕೆಯ ಮುದ್ರಣಾಲಯಕ್ಕೆ ಹೋಗಿ ಅಚ್ಚುಮೊಳೆಗಳ ಖಾನೆಗಳನ್ನು ನೋಡಿದರಂತೆ. ಯಾವ ಅಕ್ಷರದ ಮೊಳೆಗಳು ಹೆಚ್ಚು ಇವೆಯೋ ಆ ಅಕ್ಷರವೇ ಹೆಚ್ಚು ಬಳಕೆಯದು. ಇಂಗ್ಲಿಷಿನಲ್ಲಿ ‘ಇ’ ಎಲ್ಲಕ್ಕಿಂತ ಹೆಚ್ಚು. ಅದಕ್ಕೇ ಮೋರ್ಸ್ ಸಂಕೇತದಲ್ಲಿ ‘ಇ’ಗೆ ಒಂದೇ ಒಂದು ಚುಕ್ಕೆ. ಅಪರೂಪದ ‘ಕ್ಯೂ’ಗೆ ನಾಲ್ಕು ಗುರುತುಗಳು.

1930ರ ದಶಕದಲ್ಲಿ ಅಮೆರಿಕದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಕೂಡ ಇದೇ ದಾರಿ ಹಿಡಿದರು. ಪತ್ರಿಕೆಯ ಪುಟಗಳಲ್ಲಿ ಅಕ್ಷರಗಳನ್ನು ಕೂತು ಎಣಿಸಿ ಒಂದು ಆಟ ಮಾಡಿದರು. ಅದೇ 1948ರಲ್ಲಿ ಸ್ಕ್ರ್ಯಾಬಲ್ ಎಂಬ ಹೆಸರು ಪಡೆಯಿತು. ಇಂಗ್ಲಿಷ್ ಸ್ಕ್ರ್ಯಾಬಲ್‌ನ 100 ಬಿಲ್ಲೆಗಳಲ್ಲಿ ‘ಇ’ 12 ಇವೆ, ಒಂದೊಂದಕ್ಕೆ 1 ಅಂಕ. ‘ಕ್ಯೂ’ ಮತ್ತು ‘ಝಡ್’ ಒಂದೊಂದೇ, ಆದರೆ 10 ಅಂಕ.

ಆಟಗಳ ಸಾಲು ಇನ್ನೂ ಇದೆ. ‘ಆಲಿಸ್’ ಕಥೆ ಬರೆದ ಲೂಯಿಸ್ ಕ್ಯಾರಲ್ 1879ರಲ್ಲಿ ಒಂದು ಪತ್ರಿಕೆಯಲ್ಲಿ ಹೊಸ ಆಟ ಕೊಟ್ಟರು. ಒಂದು ಪದದಲ್ಲಿ ಒಂದೊಂದೇ ಅಕ್ಷರ ಬದಲಿಸುತ್ತಾ ಅಷ್ಟೇ ಉದ್ದದ ಇನ್ನೊಂದು ಪದ ಮುಟ್ಟಬೇಕು, ನಡುವೆ ಬರುವ ಪ್ರತಿಯೊಂದಕ್ಕೂ ಅರ್ಥ ಇರಬೇಕು. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬವರು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ವಜ್ರದಾಕಾರದ ಪದಬಂಧ ಪ್ರಕಟಿಸಿದರು. ಈಗಿನ ಪದಬಂಧಗಳಿಗೆಲ್ಲ ಅದೇ ಮೂಲ.

2021ರಲ್ಲಿ ಬಂತು ವರ್ಡಲ್. ವೇಲ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿದ್ದ ಜಾಶ್ ವಾರ್ಡಲ್ ಅದನ್ನು ಮಾಡಿದ್ದು ತಮ್ಮ ಸಂಗಾತಿ ಪಲಕ್ ಶಾ ಅವರಿಗೋಸ್ಕರ. ಇಂಗ್ಲಿಷಿನ ಸುಮಾರು 12,000 ಐದಕ್ಷರದ ಪದಗಳನ್ನು ಪಲಕ್ ಅವರೇ ಜರಡಿ ಹಿಡಿದು, ಜನರಿಗೆ ಗೊತ್ತಿರುವ ಸುಮಾರು 2,500 ಪದ ಉಳಿಸಿದರು. 2021ರ ನವೆಂಬರ್ 1ರಂದು ಅದನ್ನು ಆಡಿದವರು 90 ಜನ. ಎರಡು ತಿಂಗಳಲ್ಲಿ 3 ಲಕ್ಷ ದಾಟಿತು!

ಈ ಎಲ್ಲ ಆಟಗಳಿಗೂ ಒಂದೇ ಅಡಿಪಾಯ. ಇಂಗ್ಲಿಷ್ ಅಕ್ಷರಗಳು ಬಿಡಿಬಿಡಿಯಾಗಿ, ಮಣಿಗಳ ಹಾಗೆ ಒಂದರ ಪಕ್ಕ ಒಂದು ಕೂರುತ್ತವೆ. ಆದ್ದರಿಂದ ಎಣಿಸುವುದು ಸುಲಭ.

ಹಾಗಾದರೆ ಕನ್ನಡದಲ್ಲಿ?

ಕನ್ನಡದಲ್ಲಿ ಇಂಥ ಆಟ ಇರಲಿಲ್ಲವೇ ಎಂದು ಅಜ್ಜಿಯನ್ನು ಕೇಳಿದೆ. “ಆಟ ಅಲ್ಲವೋ, ಕಾವ್ಯಾನೇ ಹಾಗೆ ಬರೀತಿದ್ರು” ಎಂದರು.

ನಿಜ. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ ಕವಿರಾಜಮಾರ್ಗ, ಕ್ರಿ.ಶ. 850ರ ಸುಮಾರಿನದು. ಪ್ರಾಸದ ಚರ್ಚೆ ಅದರಲ್ಲೇ ಇದೆ. 10ನೇ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ‘ಛಂದೋಂಬುಧಿ’ ಎಂಬ ಛಂದಸ್ಸಿನ ಗ್ರಂಥವನ್ನೇ ಬರೆದ. ಹಳಗನ್ನಡ ಕವಿಗಳಿಗೆ ಪ್ರಿಯವಾದ 6 ವೃತ್ತಗಳಿಗೆ ಖ್ಯಾತ ಕರ್ನಾಟಕ ವೃತ್ತಗಳು ಎಂದು ಹೆಸರು. ಅವುಗಳಲ್ಲಿ ಉತ್ಪಲಮಾಲೆ ಎಂದರೆ ಸಾಲಿಗೆ ಸರಿಯಾಗಿ 20 ಅಕ್ಷರ. ಚಂಪಕಮಾಲೆ ಎಂದರೆ 21. ಶಾರ್ದೂಲವಿಕ್ರೀಡಿತಕ್ಕೆ 19. ಯಾವ ಅಕ್ಷರ ಗುರು, ಯಾವುದು ಲಘು ಎಂಬುದೂ ನಿಗದಿ. ಇಷ್ಟು ಸಾಲದು ಎಂಬಂತೆ ನಾಲ್ಕೂ ಸಾಲುಗಳ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಇದೇ ಆದಿಪ್ರಾಸ.

ಇಷ್ಟೇ ಉದ್ದ ಇರಬೇಕು, ಇಂಥ ಅಕ್ಷರ ಇಂಥ ಜಾಗದಲ್ಲೇ ಬರಬೇಕು. ವರ್ಡಲ್‌ನ ನಿಯಮವೂ ಅದೇ ಅಲ್ಲವೇ? ಪಂಪ 941ರಲ್ಲಿ ಇಡೀ ಮಹಾಭಾರತದ ಕಥೆಯನ್ನು ಇಂಥ ಕಟ್ಟುಪಾಡಿನ ಪದ್ಯಗಳನ್ನು ಹೆಣೆದು ಹೇಳಿದ. ನಾನು 5 ಮನೆ ತುಂಬಿಸಲು ಅರ್ಧ ಗಂಟೆ ಒದ್ದಾಡುತ್ತೇನೆ.

ಆದರೆ ಆ ಕವಿಗಳು ಎಣಿಸಿದ್ದು ಅಜ್ಜಿ ಎಣಿಸಿದ ಹಾಗೆ. ಅಕ್ಷರ ಎಂದರೆ ಒಂದು ಉಸಿರಿಗೆ ಬರುವ ಧ್ವನಿ. ‘ಸ್ತ್ರೀ’ ಎಂಬುದರಲ್ಲಿ ಮೂರು ವ್ಯಂಜನ, ಒಂದು ಸ್ವರ ಇದ್ದರೂ ಅದು ಒಂದೇ ಅಕ್ಷರ. ‘ಕನ್ನಡ’ದಲ್ಲಿ ಮೂರು. ಅದರಲ್ಲೂ ಮುಂದೆ ಒತ್ತಕ್ಷರ ಇರುವುದರಿಂದ ‘ಕ’ ಗುರುವಾಗುತ್ತದೆ. ನಾವು ಹೇಳುವಾಗಲೂ ‘ಕನ್’ ಎಂದು ಒತ್ತಿಯೇ ಹೇಳುತ್ತೇವೆ. ಅಂದರೆ ಅವರ ಲೆಕ್ಕ ಕಿವಿಯ ಲೆಕ್ಕ.

ಕನ್ನಡ ಪತ್ರಿಕೆಗಳಿಗೆ ಪದಬಂಧ ಬಂದಾಗಲೂ ಒಂದು ಮನೆಗೆ ಒಂದು ಪೂರ್ತಿ ಅಕ್ಷರ ಎಂಬುದೇ ನಿಯಮವಾಯಿತು. ಒತ್ತು, ಗುಣಿತ ಎಲ್ಲ ಅದೇ ಮನೆಯೊಳಗೆ. ಇದು ಇಂಗ್ಲಿಷಿಗಿಂತ ಕಷ್ಟ. ಅಡ್ಡ ಸಾಲಿನಲ್ಲಿ ‘ನ್ನ’ ಬಂದರೆ ಅದೇ ಮನೆಯನ್ನು ಹಾದುಹೋಗುವ ಮೇಲಿನಿಂದ ಕೆಳಗಿನ ಪದದಲ್ಲೂ ‘ನ್ನ’ ಇರಬೇಕು. ಬರೀ ‘ನ’ ಸಾಲದು, ‘ನ್ನಿ’ಯೂ ನಡೆಯುವುದಿಲ್ಲ. ಕೋಲಾರ ಜಿಲ್ಲೆಯ ಅಬ್ಬಣಿಯ ಅ.ನಾ. ಪ್ರಹ್ಲಾದರಾವ್ ಅವರು ಹೀಗೆ ಹತ್ತಾರು ಸಾವಿರ ಪದಬಂಧಗಳನ್ನು ಕನ್ನಡದಲ್ಲಿ ರಚಿಸಿದ್ದಾರೆ. ಅಜ್ಜಿಗೆ ಅವರ ಹೆಸರು ಚೆನ್ನಾಗಿ ಗೊತ್ತು.

ಕಂಪ್ಯೂಟರಿಗೆ ಬಂದರೆ ಮತ್ತೊಂದು ಲೆಕ್ಕ. 1991ರಲ್ಲಿ ಬಂದ ಯೂನಿಕೋಡ್‌ನಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತು. ಅದರಲ್ಲಿ ‘ಕನ್ನಡ’ ಎಂದರೆ ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಆಮೇಲೆ ಡ. ಒಟ್ಟು 5. ‘ಸ್ತ್ರೀ’ ಎಂದರೆ 6! ನಾನು ಕಂಪ್ಯೂಟರಿನಲ್ಲಿ ಕನ್ನಡ ಆಟ ಮಾಡಲು ಹೋದಾಗ ಚೌಕಗಳು ಅಡ್ಡಾದಿಡ್ಡಿಯಾದದ್ದು ಇದಕ್ಕೇ. ಒತ್ತು ಒಂದು ಚೌಕದಲ್ಲಿ, ಅದರ ಅಕ್ಷರ ಇನ್ನೊಂದರಲ್ಲಿ ಹೋಗಿ ಕೂತಿತ್ತು.

ಹೀಗೆ ಒಂದೇ ಪದಕ್ಕೆ 7, 5, 3 ಎಂದು ಮೂರು ಉತ್ತರ. ಮೂರೂ ಅವರವರ ಲೆಕ್ಕದಲ್ಲಿ ಸರಿಯೇ. ಆದರೆ ಕನ್ನಡ ಕೇಳುವ ಕಿವಿಯ ಲೆಕ್ಕ ಮೂರು ಮಾತ್ರ.

ಬೇರೆಯವರ ಅಳತೆಯಲ್ಲಿ ನಮ್ಮ ಮಾತು

ಲೆಕ್ಕ ತಪ್ಪಿದರೆ ಏನು ಮಹಾ ಎಂದು ಕೇಳಬಹುದು. ನಾನಿರುವ ಬೆಡ್‌ಫರ್ಡ್ ಪಾರ್ಕಿನಲ್ಲಿ, ಸ್ಟರ್ಟ್ ನದಿಯ ಪಕ್ಕದಲ್ಲಿ ವಾರಿಪರಿಂಗ ಎಂಬ ಜಾಗ ಇದೆ. ನದಿ ಬಳಿಯ ಗಾಳಿಯ ಜಾಗ ಎಂದು ಅರ್ಥ. ಇದು ಈ ನೆಲದ ಮೂಲನಿವಾಸಿಗಳಾದ ಕೌರ್ನ ಜನರ ಭಾಷೆ. ಅವರಿಗೆ ಲಿಪಿ ಇರಲಿಲ್ಲ. ಟೈಕಲ್‌ಮನ್ ಮತ್ತು ಶೂರ್ಮನ್ ಎಂಬ ಇಬ್ಬರು ಜರ್ಮನ್ ಪಾದ್ರಿಗಳು 1840ರಲ್ಲಿ ಸುಮಾರು 2,000 ಕೌರ್ನ ಪದಗಳನ್ನು ವ್ಯಾಕರಣದ ಜೊತೆ ಅಚ್ಚು ಹಾಕಿಸಿದರು. 19ನೇ ಶತಮಾನ ಮುಗಿಯುವ ಹೊತ್ತಿಗೆ ಆ ಭಾಷೆ ದಿನಬಳಕೆಯಿಂದ ಮರೆಯಾಗಿತ್ತು. ಈಗ ಕೌರ್ನ ಜನ ಅದನ್ನು ಮತ್ತೆ ಕಲಿಯುತ್ತಿದ್ದಾರೆ. ಅವರಿಗೆ ಮುಖ್ಯ ಆಧಾರ ಆ ಹಳೆಯ ಪುಸ್ತಕವೇ.

ನಮಗೂ ಒಬ್ಬ ಜರ್ಮನ್ ಪಾದ್ರಿ ಇದ್ದಾರೆ, 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಕೊಟ್ಟ ಕಿಟೆಲ್. ಆದರೆ ಕಿಟೆಲ್ ಬರುವ ಹೊತ್ತಿಗೆ ಕನ್ನಡಕ್ಕೆ ಸಾವಿರ ವರ್ಷಕ್ಕೂ ಹಳೆಯ ಲಿಪಿ ಇತ್ತು. ಕೌರ್ನದಲ್ಲಿ ನಮ್ಮ ‘ಲ’ ಮತ್ತು ‘ಳ’ದ ಹಾಗೆ ಬೇರೆ ಬೇರೆ ಧ್ವನಿಗಳಿವೆ. ಹಳೆಯ ಬರಹದಲ್ಲಿ ಎರಡಕ್ಕೂ ಒಂದೇ ಇಂಗ್ಲಿಷ್ ‘ಎಲ್’ ಬಳಸಿದ್ದುಂಟು. ವ್ಯತ್ಯಾಸ ಕಾಣಲಿ ಎಂದು 2010ರಲ್ಲಿ ಕೌರ್ನ ಜನ ಕಾಗುಣಿತವನ್ನೇ ತಿದ್ದಿಕೊಂಡರು.

ಇದನ್ನು ಓದುವಾಗ ನನಗೆ ನನ್ನದೇ ಒಂದು ಎಡವಟ್ಟು ನೆನಪಾಯಿತು. ಕಳೆದ ವರ್ಷ ಅಮ್ಮ ಊರಿಗೆ ಹೊರಟಿದ್ದರು. “ಅಮ್ಮ ನಿಮಗೆ ಬಳೆ ತರ್ತಾರೆ” ಎಂದು ಅಜ್ಜಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಮೆಸೇಜ್ ಮಾಡಿದ್ದೆ. ಬಿ, ಎ, ಎಲ್, ಇ. ನಾಲ್ಕೇ ಅಕ್ಷರ. ಅದು ಬಳೆಯೂ ಆಗಬಹುದು, ಬಲೆಯೂ ಆಗಬಹುದು, ಬಾಳೆ, ಬಾಲೆ ಎಂದೂ ಓದಬಹುದು. ಅಡಿಲೇಡಿನಿಂದ ಶಿವಮೊಗ್ಗಕ್ಕೆ ಬಾಳೆಹಣ್ಣು ಯಾಕೆ ತರ್ತಾರೆ ಎಂದು ಅಜ್ಜಿ ಯೋಚನೆ ಮಾಡುತ್ತಾ ಕೂತಿದ್ದರಂತೆ! ಮನೆಯಲ್ಲಿ ಎಲ್ಲರೂ ನಕ್ಕಿದ್ದೆವು.

ಆದರೆ ಈ ಲೇಖನಕ್ಕಾಗಿ ಅಜ್ಜಿಯ ಹತ್ತಿರ ಟೆಲಿಗ್ರಾಂ ಬಗ್ಗೆ ಕೇಳಿದಾಗ ನಗು ಬರಲಿಲ್ಲ. ಇಂಡಿಯಾದಲ್ಲಿ 2013ರ ಜುಲೈವರೆಗೂ ಟೆಲಿಗ್ರಾಂ ಇತ್ತು. ಅಜ್ಜಿಗೆ ಮದುವೆಯಾದ ಹೊಸದರಲ್ಲಿ, 1970ರ ದಶಕದಲ್ಲಿ, ತವರಿನಿಂದ ಒಂದು ಬಂತು. “ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ.” ನಾಲ್ಕು ಪದ. ಏಳನೇ ಕ್ಲಾಸಿನವರೆಗೆ ಓದಿದ್ದ ಅಜ್ಜಿಗೆ ಕನ್ನಡ ಸರಾಗ, ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ತಾತ ಊರಲ್ಲಿರಲಿಲ್ಲ. ಕೈಯಲ್ಲಿ ಕಾಗದ ಹಿಡಿದುಕೊಂಡು, ಓದುವವರು ಯಾರಾದರೂ ಸಿಗುತ್ತಾರಾ ಎಂದು ಬೀದಿಯ ಕೊನೆಯವರೆಗೆ ಓಡಿದರಂತೆ. “ನಮ್ಮಪ್ಪನ ಸುದ್ದಿ ನನ್ನ ಕೈಲೇ ಇತ್ತು ಮಗಾ, ನನಗೇ ಗೊತ್ತಾಗ್ಲಿಲ್ಲ” ಎಂದರು.

ಸ್ವಲ್ಪ ಹೊತ್ತು ಬಿಟ್ಟು ನಾನು ಕೇಳಿದೆ, “ಅಜ್ಜಿ, ಹಾಗಾದ್ರೆ ನನ್ನ ಮೆಸೇಜು ಹೇಗೆ ಓದ್ತೀರಾ?”

“ಪಕ್ಕದ ಮನೆ ಹುಡುಗಿ ಸ್ಕೂಲಿಂದ ಬಂದ ಮೇಲೆ ಓದಿ ಹೇಳ್ತಾಳೆ ಬಿಡು. ನೀನು ಬರೀತೀಯಲ್ಲ, ಅದೇ ಸಂತೋಷ.”

ಮೂರು ವರ್ಷದಿಂದ ನಾನು ಅಜ್ಜಿಗೆ ಮೆಸೇಜ್ ಮಾಡುತ್ತಿದ್ದೇನೆ. ಅಜ್ಜಿ ಒಂದು ದಿನವೂ ಇದನ್ನು ಹೇಳಿರಲಿಲ್ಲ. ನಾನು ಕಳಿಸುತ್ತಿದ್ದದ್ದೂ ಟೆಲಿಗ್ರಾಮೇ ಆಗಿತ್ತು.

ಅವತ್ತೇ ಫೋನಿಗೆ ಕನ್ನಡ ಕೀಲಿಮಣೆ ಹಾಕಿಕೊಂಡೆ. ಮೊದಲ ವಾಕ್ಯ ಬರೆಯಲು ಐದು ನಿಮಿಷ ಹಿಡಿಯಿತು. ಒತ್ತು ಎಲ್ಲಿದೆ ಎಂದು ತಂಗಿಯೇ ತೋರಿಸಿಕೊಟ್ಟಳು. “ಅಜ್ಜಿ, ಇದನ್ನು ನೀವೇ ಓದಿ” ಎಂದು ಕಳಿಸಿದೆ. ಶಿವಮೊಗ್ಗದಲ್ಲಿ ಆಗ ಮಧ್ಯಾಹ್ನ. ಎರಡು ನಿಮಿಷದಲ್ಲಿ ಅಜ್ಜಿಯಿಂದ ಕಾಲ್ ಬಂತು.

ಈಗ ನಾವು ಮೂವರೂ ಕಾಗದದ ಮೇಲೆ ಕನ್ನಡದ ಆಟ ಆಡುತ್ತೇವೆ. ನಿಯಮ ಅಜ್ಜಿಯವು. 3 ಮನೆ, ಮನೆಗೊಂದು ಪೂರ್ತಿ ಅಕ್ಷರ. ಅಕ್ಷರವೂ ಜಾಗವೂ ಸರಿಯಾದರೆ ಹಸಿರು. ಅಕ್ಷರ ಸರಿ, ಜಾಗ ಬೇರೆಯಾದರೆ ಹಳದಿ. ಜಾಗ ಸರಿ, ವ್ಯಂಜನವೂ ಸರಿ, ಆದರೆ ಗುಣಿತ ತಪ್ಪಿದ್ದರೆ ನೀಲಿ. ಈ ನೀಲಿ ಬಣ್ಣ ಇಂಗ್ಲಿಷ್ ಆಟದಲ್ಲಿ ಇಲ್ಲ, ಅದರ ಅಗತ್ಯವೂ ಅಲ್ಲಿಲ್ಲ. ಕಳೆದ ಭಾನುವಾರ ಚಿಕ್ಕ ಮಕ್ಕಳ ತರಗತಿಯಲ್ಲಿ ಆಡಿಸಿದೆ. ಕಾಗುಣಿತ ಬರೆಯಿರಿ ಎಂದರೆ ಮುಖ ತಿರುಗಿಸುವವರೆಲ್ಲ ನೀಲಿ ಬಿದ್ದ ಕೂಡಲೇ ಕ, ಕಾ, ಕಿ, ಕೀ ಎಂದು ತಾವಾಗಿಯೇ ಹೇಳಲು ಶುರುಮಾಡಿದರು.

ಕೊನೆಯಲ್ಲಿ ನಿಮಗೂ ಒಂದು ಕೆಲಸ. 3 ಅಕ್ಷರ ಇರಬೇಕು, ನಡುವಿನ ಅಕ್ಷರದಲ್ಲಿ ‘ನ’ಕ್ಕೆ ‘ನ’ ಒತ್ತು ಇರಬೇಕು, ಗುಣಿತ ಯಾವುದಾದರೂ ಆಗಬಹುದು. ಕನ್ನಡ, ಕನ್ನಡಿ, ಮುನ್ನುಡಿ, ಹಿನ್ನೆಲೆ, ಇವು ಅಜ್ಜಿ ಕೊಟ್ಟವು. ಇನ್ನೂ ಎಷ್ಟು ಸಿಗುತ್ತವೆ ಎಂದು ಮನೆಯವರೆಲ್ಲ ಸೇರಿ ಹುಡುಕಿ, ಮುಂದಿನ ಭಾನುವಾರ ತರಗತಿಗೆ ತನ್ನಿ. ಊರಿನಲ್ಲಿರುವ ಅಜ್ಜಿ ತಾತಂದಿರನ್ನೂ ಕೇಳಿ. ಕೇಳುವಾಗ ದಯವಿಟ್ಟು ಕನ್ನಡ ಅಕ್ಷರದಲ್ಲೇ ಬರೆದು ಕೇಳಿ.